ಗ್ರೈಂಡರ್‌ಗೆ ಕೊಟ್ಟು ಕೆಟ್ಟ ಹೊಸ ಮಚ್ಚು, ಅರದಲ್ಲಿ ಮತ್ತೆ ಬಾಯಿ ಬಂದಿದ್ದು

ಹೋದ ವರ್ಷ ಏಪ್ರಿಲ್ ಕೊನೇಲಿ, ಇನ್ನೇನು ಒಂದು ವಾರಕ್ಕೆ ಮರಗಸಿ (ತೋಟದ ನೆರಳು ಮರಗಳ ಕೊಂಬೆ ಸವರೋದು) ಶುರು ಮಾಡ್ಬೇಕು ಅನ್ನೋ ಹೊತ್ತಿಗೆ ಬೆಂಗಳೂರಲ್ಲಿರೋ ನಮ್ಮ ಭಾವ ಒಂದು ಹೊಸ ಮಚ್ಚು ತಂದುಕೊಟ್ರು. ಆನ್‌ಲೈನಲ್ಲಿ ತರಿಸಿದ್ದು, ಹೊರದೇಶದ ಮಾದರಿ. ನಮ್ಮ ಸಕಲೇಶಪುರ ಕಡೆ ಆಚಾರಿ ಮಾಡೋ ಕತ್ತಿ ತರ ಮೂತಿ ಬಾಗಿರಲ್ಲ, ನೇರ ಹೋಗಿ ತುದಿ ಹತ್ರ ಸ್ವಲ್ಪ ಅಗಲ ಆಗಿ ಮೇಲಕ್ಕೆ ತಿರುಗಿರುತ್ತೆ. ಅಲಗು 18 ಇಂಚು, ದಪ್ಪ ವರ್ನಿಯರ್ ಹಿಡಿದು ನೋಡಿದ್ರೆ 2 ಎಂಎಂ, ಹಿಡಿಯಿಂದ ತುದಿವರೆಗೂ ಅಷ್ಟೇ ದಪ್ಪ. ಕೈಯಲ್ಲಿ ಹಿಡಿದ್ರೆ ಹಗುರ, ಬೀಸೋಕೆ ಖುಷಿ ಆಗುತ್ತೆ. ಆದ್ರೆ ಬಾಯಿ, ಅಂದ್ರೆ ಕಡಿಯೋ ಹರಿತ ಅಂಚು, ಇರ್ಲಿಲ್ಲ. ಹೆಬ್ಬೆರಳು ದಪ್ಪದ ಲಂಟಾನ ಕಡ್ಡಿಗೆ ಬೀಸಿದ್ರೆ ಕಡ್ಡಿ ಬಾಗಿ ಸಿಪ್ಪೆ ಜಜ್ಜಿಸ್ಕೊಂಡು ಮತ್ತೆ ಎದ್ದು ನಿಲ್ತಿತ್ತು.

ಇಲ್ಲಿಂದ ಮುಂದೆ ಆ ಒಂದು ಮಚ್ಚಿಗೆ ಏನೇನಾಯ್ತು, ನಾನು ಎಲ್ಲಿ ತಪ್ಪಿದೆ, ಹೆಂಗೆ ಸರಿ ಮಾಡ್ದೆ ಅಂತ ಪೂರ್ತಿ ಬರೀತಿದೀನಿ, ಯಾಕಂದ್ರೆ ಇದೇ ತಪ್ಪನ್ನ ಸುಮಾರು ತೋಟದವರು ಮಾಡೋದನ್ನ ಕಣ್ಣಾರೆ ನೋಡಿದೀನಿ, ಒಳ್ಳೆ ಕಬ್ಬಿಣ ಹಾಳಾಗೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಮೊದಲು ಹೊಸ ಮಚ್ಚು ಯಾಕೆ ಮೊಂಡಾಗಿರುತ್ತೆ ಅನ್ನೋದು. ಭಾವ ಪಾಪ ಮೋಸ ಆಯ್ತು ಅಂತ ಬೇಜಾರು ಮಾಡ್ಕೊಂಡ್ರು, ವಾಪಸ್ ಕಳಿಸ್ತೀನಿ ಅಂದ್ರು. ಮೋಸ ಅಲ್ಲ ಅದು. ಬ್ರೆಜಿಲ್, ಕೊಲಂಬಿಯಾ, ಎಲ್ ಸಾಲ್ವಡಾರ್ ಈ ಕಡೆ ಫ್ಯಾಕ್ಟರಿಗಳಲ್ಲಿ ಮಾಡೋ ಮಚ್ಚುಗಳು ಹೆಚ್ಚಿನವು ಹಿಂಗೇ ಬರ್ತವೆ, ಬಾಯಿ ಅಂತ ಒಂದು ಒರಟು ಗೀರು ಎಳೆದಿರ್ತಾರೆ ಅಷ್ಟೇ, ಕೆಲವಕ್ಕೆ ಅದೂ ಇಲ್ಲ. ಅಲ್ಲಿನ ರೈತ್ರು ಮಚ್ಚು ತಗೊಂಡ್ಮೇಲೆ ತಾವೇ ಅರ (ಫೈಲ್) ಹಾಕಿ ಬಾಯಿ ಮಾಡ್ಕೊಳ್ತಾರೆ, ಕಬ್ಬು ಕಡಿಯೋನಿಗೆ ಒಂದು ತರ ಬೇಕು, ಹುಲ್ಲು ಸವರೋನಿಗೆ ಇನ್ನೊಂದು ತರ, ತೆಂಗಿನಕಾಯಿ ಕೆತ್ತೋನಿಗೆ ಬೇರೇನೇ, ಜೇಬಲ್ಲೋ ಸೊಂಟದಲ್ಲೋ ಒಂದು ಅರ ಇಟ್ಕೊಂಡೇ ಹೊಲಕ್ಕೆ ಹೋಗ್ತಾರೆ. ನಮ್ಮಲ್ಲೂ ಹಿಂದೆ ಹಂಗೇ ಇತ್ತಲ್ಲ, ಸಂತೆಯಿಂದ ತಂದ ಕುಡುಗೋಲನ್ನ ಯಾರೂ ಸೀದಾ ಗದ್ದೆಗೆ ತಗೊಂಡು ಹೋಗ್ತಿರ್ಲಿಲ್ಲ, ಮಸೆದೇ ಹೋಗ್ತಿದ್ರು.

ನನ್ನ ಮಚ್ಚಿನ ಬಾಯನ್ನ ಟಾರ್ಚ್ ಬೆಳಕಿಗೆ ಹಿಡಿದು ನೋಡ್ದೆ. ಹರಿತ ಇರೋ ಬಾಯಿ ಬೆಳಕಿಗೆ ಹೊಳೆಯಲ್ಲ, ಯಾಕಂದ್ರೆ ಬೆಳಕು ಬಿದ್ದು ವಾಪಸ್ ಬರೋಕೆ ಅಲ್ಲಿ ಅಗಲ ಅಂತ ಏನೂ ಇರಲ್ಲ. ಇಲ್ಲಿ ಉದ್ದಕ್ಕೂ ಬೆಳ್ಳಿ ದಾರದ ತರ ಹೊಳೀತಿತ್ತು, ಅರ್ಧ ಎಂಎಂಗಿಂತ ಜಾಸ್ತಿನೇ ಅಗಲ. ಮೇಲೆ ತುಕ್ಕು ಹಿಡೀಬಾರ್ದು ಅಂತ ಹೊಡೆದ ವಾರ್ನಿಷ್ ಬೇರೆ, ಅದು ಬಾಯಿವರೆಗೂ ಬಂದಿತ್ತು. ಕೆಲಸ ಏನಿತ್ತು ಅಂದ್ರೆ ಒಂದು ಒಳ್ಳೆ ಅರ, ಎರಡು ಸಂಜೆ, ಮುಗೀತಿತ್ತು.

ಆದ್ರೆ ನಾನು ಮಾಡಿದ್ದು ಬೇರೆ. ಮರಗಸಿ ಹತ್ರ ಬಂತು, ಜನ ಸಿಗೋದೇ ಕಷ್ಟ, ಗೊಬ್ಬರ ಹಾಕೋದು ಬಾಕಿ, ಈ ಗಡಿಬಿಡೀಲಿ ಪೇಟೆಗೆ ಹೋದವನು ಮಚ್ಚನ್ನೂ ಒಂದು ವೆಲ್ಡಿಂಗ್ ಶಾಪಿಗೆ ಕೊಟ್ಟೆ. ಹತ್ತು ನಿಮಿಷದ ಕೆಲಸ ಅಂದ್ರು. ನಾಲ್ಕು ಇಂಚಿನ ಆಂಗಲ್ ಗ್ರೈಂಡರ್ ಹಿಡಿದು ಎರಡೂ ಕಡೆ ಸರ್ರ್ ಅಂತ ಎಳೆದ್ರು, ಕಿಡಿ ಒಂದು ಮಾರು ದೂರ ಹಾರ್ತಿತ್ತು, ನಡುವೆ ಬಿಸಿ ಆಯ್ತು ಅಂತ ಪಕ್ಕದ ಬಕೆಟ್ ನೀರಿಗೆ ಅದ್ದಿದ್ರು, ಚುಂಯ್ ಅಂತು, ಮತ್ತೆ ಎಳೆದ್ರು. ಕೈಗೆ ಕೊಟ್ಟಾಗ ಬೆರಳು ಇಟ್ರೆ ಕೊಯ್ಯೋ ಹಂಗಿತ್ತು. ನನಗೂ ಖುಷಿ ಆಯ್ತು. ಬಾಯಿ ಉದ್ದಕ್ಕೂ ನೀಲಿ ನೇರಳೆ ಬಣ್ಣ ಬಂದಿದ್ದು ನೋಡ್ದೆ, ನೋಡಿಯೂ ಸುಮ್ನಾದೆ.

ಎರಡನೇ ದಿನಕ್ಕೇ ಗೊತ್ತಾಯ್ತು. ನಮ್ಮಲ್ಲಿ ತುಂಬಾ ವರ್ಷದಿಂದ ಕೆಲಸಕ್ಕೆ ಬರೋ ಹಿರಿಯರೊಬ್ರು ಬೇಲಿ ಸಾಲಲ್ಲಿ ಲಂಟಾನ ಸವರ್ತಾ ಇದ್ರು, ಬೆಳಿಗ್ಗೆ ಚೆನ್ನಾಗಿ ಹೋಯ್ತು, ಹತ್ತು ಗಂಟೆ ಚಾ ಹೊತ್ತಿಗೆ ಬಾಯಿ ಹೋಯ್ತು ಅಂತ ಬಂದ್ರು. ನೋಡಿದ್ರೆ ಮಧ್ಯ ಭಾಗದಲ್ಲಿ ಬಾಯಿ ಒಂದು ಕಡೆಗೆ ಮಡಚ್ಕೊಂಡಿದೆ, ಕಾಗದದ ಅಂಚು ಮಡಚಿದ ಹಾಗೆ, ಬೆರಳಿಗೆ ಸಿಗುತ್ತೆ. ಕಲ್ಲಲ್ಲಿ ಎರಡು ಸಲ ಎಳೆದುಕೊಂಡು ಮತ್ತೆ ಹೋದ್ರು. ಮಧ್ಯಾಹ್ನ ಬಿದ್ದಿದ್ದ ಸಿಲ್ವರ್ ಓಕ್ ಕೊಂಬೆ ಗಂಟಿಗೆ ಹೊಡೆದಾಗ ತುದಿ ಕಡೆಯಿಂದ ಟಿಣ್ ಅಂತ ಒಂದು ಚೂರು ಹಾರಿಹೋಯ್ತು. ಅರ್ಧಚಂದ್ರಾಕಾರ, 3 ಎಂಎಂ ಆಳ, ಬೆರಳ ಉಗುರಷ್ಟು ಅಗಲ. ಆ ಚೂರು ಎಲ್ಲಿ ಹೋಯ್ತೋ ಹುಡುಕಿದ್ರೂ ಸಿಗ್ಲಿಲ್ಲ. ಅವರ ಕಣ್ಣಿಗೆ ಹೋಗಿದ್ರೆ ಏನು ಗತಿ ಅಂತ ನನಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ಹತ್ತು ನಿಮಿಷ ಉಳಿಸೋಕೆ ಹೋಗಿ ಇನ್ನೊಬ್ಬರ ಕಣ್ಣನ್ನ ಪಣಕ್ಕಿಟ್ಟಂಗಾಯ್ತಲ್ಲ ಅಂತ.

ಒಂದೇ ಅಲಗು, ಒಂದು ಕಡೆ ಮೆತ್ತಗಾಗಿ ಮಡಚ್ಕೊಳ್ತು, ಇನ್ನೊಂದು ಕಡೆ ಗಾಜಿನ ತರ ಒಡೀತು. ಇದು ಹೆಂಗೆ ಅಂತ ಅರ್ಥ ಆಗ್ದೆ ಮಾರನೇ ದಿನ ನಮ್ಮೂರ ಆಚಾರಿ ಹತ್ರ ತಗೊಂಡೋದೆ. ಈಗ ಕುಲುಮೆ ದಿನಾ ಹೊತ್ತಿಸಲ್ಲ ಅವರು, ಮಳೆಗಾಲಕ್ಕೆ ಮುಂಚೆ ಮತ್ತೆ ಆಯುಧ ಪೂಜೆ ಹತ್ರ ಮಾತ್ರ ಕೆಲಸ ಜಾಸ್ತಿ. ಅವರು ಮಚ್ಚನ್ನ ನೋಡೋಕೆ ಮುಂಚೆ ಬಣ್ಣ ನೋಡಿದ್ರು. ಆಮೇಲೆ ಒಂದು ಹಳೇ ಅರ ತಗೊಂಡು ಹಿಡಿ ಕಡೆಯಿಂದ ಶುರು ಮಾಡಿ ಒಂದೊಂದು ಇಂಚಿಗೂ ಒಂದೊಂದು ಸಲ ಮೆಲ್ಲಗೆ ಒತ್ತಿ ಎಳೀತಾ ಬಂದ್ರು, ಕಿವಿ ಕೊಟ್ಟು ಕೇಳ್ತಾ. ಹಿಡಿ ಹತ್ರ ಒಂದು ಸದ್ದು, ಸ್ವಲ್ಪ ಕಚ್ಚಿ ಸ್ವಲ್ಪ ಜಾರಿ. ಮಧ್ಯಕ್ಕೆ ಬಂದಾಗ ಖರ್ ಖರ್ ಅಂತ ಬೆಣ್ಣೆ ತರ ಕಚ್ತು. ತುದಿ ಕಡೆ, ಚೂರು ಹಾರಿದ ಜಾಗದ ಪಕ್ಕ, ಅರ ಕಿರ್ ಅಂತ ಜಾರಿಹೋಯ್ತು, ಗಾಜಿನ ಮೇಲೆ ಎಳೆದಂಗೆ, ಗೀರೇ ಬೀಳ್ಲಿಲ್ಲ.

ಆ ಅರದ ಪರೀಕ್ಷೆನೇ ಇಡೀ ಕೇಸಿನ ಉತ್ತರ. ಅರ ಅನ್ನೋದು ತುಂಬಾ ಗಟ್ಟಿ ಉಕ್ಕು, ಗಡಸುತನ ಅಳೆಯೋ ರಾಕ್‌ವೆಲ್ ಅಳತೇಲಿ 60ರ ಮೇಲೆ. ಮಚ್ಚು ಅಷ್ಟು ಗಟ್ಟಿ ಇರಬಾರ್ದು, 50ರ ಆಸುಪಾಸು ಇಟ್ಟಿರ್ತಾರೆ, ಗಟ್ಟಿ ಮಾಡಿದ್ರೆ ಹರಿತ ಜಾಸ್ತಿ ದಿನ ನಿಲ್ಲುತ್ತೆ ನಿಜ ಆದ್ರೆ ಗಂಟಿಗೆ ಹೊಡೆದಾಗ ಒಡೀತದೆ. ಈ ಲೆಕ್ಕದಲ್ಲಿ ಅರ ಮಚ್ಚನ್ನ ಕಚ್ಚಲೇಬೇಕು. ಬೆಣ್ಣೆ ತರ ಕಚ್ಚಿದ್ರೆ ಹದ ಹೋಗಿದೆ, ಪೂರ್ತಿ ಜಾರಿದ್ರೆ ಅಲ್ಲಿ ಹೊಸದಾಗಿ ಹದ ಏರಿದೆ.

ಹದ ಅಂದ್ರೇನು ಅಂತ ಸ್ವಲ್ಪ ಹೇಳ್ಬೇಕು ಇಲ್ಲಿ. ಉಕ್ಕನ್ನ 800 ಡಿಗ್ರಿ ಹತ್ರ ಕೆಂಪಗೆ ಕಾಯಿಸಿ ಎಣ್ಣೆಗೋ ನೀರಿಗೋ ಅದ್ದಿದ್ರೆ ಗಾಜಿನಷ್ಟು ಗಟ್ಟಿ ಆಗುತ್ತೆ, ಅಷ್ಟೇ ಸುಲಭಕ್ಕೆ ಒಡೆಯೋ ಹಂಗೂ ಆಗುತ್ತೆ. ಆಮೇಲೆ ಮತ್ತೆ ಕಮ್ಮಿ ಬಿಸೀಲಿ ಕಾಯಿಸಿ ಆ ಗಡಸುತನ ಬೇಕಾದಷ್ಟು ಇಳಿಸ್ತಾರೆ. ಆ ಕಮ್ಮಿ ಬಿಸೀನ ಬಣ್ಣದಲ್ಲಿ ಗುರುತು ಹಿಡೀತಾರೆ, ತಿಕ್ಕಿ ಹೊಳಪು ಮಾಡಿದ ಉಕ್ಕು 220 ಡಿಗ್ರಿ ಸುಮಾರಿಗೆ ಒಣಹುಲ್ಲಿನ ಬಣ್ಣ, ಆಮೇಲೆ ಕಂದು, 280ರ ಹತ್ರ ನೇರಳೆ, 300ರ ಹತ್ರ ನೀಲಿ, ಅದಕ್ಕೂ ಮೇಲೆ ಹೋದ್ರೆ ಬೂದಿ ಬಣ್ಣ. ನೀಲಿ ಕಂಡ ತಕ್ಷಣ ಎಲ್ಲಾ ಮುಗೀತು ಅಂತ ತುಂಬಾ ಜನ ಹೇಳ್ತಾರೆ, ಚಾಕುಗೆ ಅದು ಸರಿ, ಮಚ್ಚಿಗೆ ಪೂರ್ತಿ ಸರಿ ಅಲ್ಲ, ಯಾಕಂದ್ರೆ ಸ್ಪ್ರಿಂಗ್‌ಗೆ ಕೊಡೋ ಹದಾನೇ ನೀಲಿ, ಮಚ್ಚಿನ ಹದ ಅದರ ಹತ್ರಾನೇ ಇರುತ್ತೆ, ಅಲ್ಲಿಗೆ ನಿಂತ್ರೆ ಅಂಥ ನಷ್ಟ ಇಲ್ಲ. ನನ್ನ ಮಚ್ಚಲ್ಲಿ ಆದ್ರೆ ನೀಲಿ ಕಾಣ್ತಿದ್ದಿದ್ದು ಬಾಯಿಯಿಂದ ಮೂರ್ನಾಲ್ಕು ಎಂಎಂ ಒಳಗೆ, ಬಾಯಿ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅಂದ್ರೆ ಒಳಗಡೆನೇ 300 ಮುಟ್ಟಿದ್ರೆ ತುಟಿ ಎಷ್ಟು ಕಾದಿರ್ಬೇಕು ಲೆಕ್ಕ ಹಾಕಿ.

ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತೆ, 100 ಎಂಎಂ ಚಕ್ರದ ಅಂಚು ಸೆಕೆಂಡಿಗೆ 57 ಮೀಟರ್ ಓಡ್ತಾ ಇರುತ್ತೆ. ಆ ಉಜ್ಜಾಟದ ಬಿಸಿ ಹೋಗೋಕೆ ತೆಳ್ಳಗಿನ ತುಟೀಲಿ ಜಾಗಾನೇ ಇಲ್ಲ, ಒಂದೆರಡು ಸೆಕೆಂಡಲ್ಲಿ ಹದ ಇಳಿದುಹೋಗುತ್ತೆ. ಅದು ಮಧ್ಯ ಭಾಗದ ಕಥೆ. ತುದಿ ಹತ್ರ ತಿರುವು ಇರೋದ್ರಿಂದ ಅಲ್ಲಿ ಗ್ರೈಂಡರ್ ಜಾಸ್ತಿ ಹೊತ್ತು ನಿಂತಿದೆ, ಕೆಂಪಾಗೋಷ್ಟು ಕಾದಿದೆ, ತಕ್ಷಣ ಬಕೆಟಿಗೆ ಅದ್ದಿದಾರೆ. ಅಂದ್ರೆ ಗೊತ್ತಿಲ್ದೇನೇ ಆಚಾರಿ ಕುಲುಮೇಲಿ ಮಾಡೋ ಕೆಲಸದ ಮೊದಲ ಅರ್ಧ ಮಾಡಿಬಿಟ್ಟಿದಾರೆ, ಕಾಯಿಸಿ ಅದ್ದಿದ್ದಾಯ್ತು, ಇಳಿಸೋ ಅರ್ಧ ಆಗಲೇ ಇಲ್ಲ. ಅದಕ್ಕೇ ಅಲ್ಲಿ ಗಾಜು. ಬಿಸಿ ಆದಾಗ ನೀರಿಗೆ ಅದ್ದಿದ್ರೆ ಹದ ಉಳಿಯುತ್ತೆ ಅಂತ ನಾನೂ ನಂಬಿದ್ದೆ, ಬಣ್ಣ ಬರೋಕೆ ಮುಂಚೆ ಅದ್ದಿದ್ರೆ ಮಾತ್ರ ಉಳಿಯೋದು, ಬಂದ್ಮೇಲೆ ಅದ್ದಿದ್ರೆ ಹೋಗಿದ್ದು ವಾಪಸ್ ಬರಲ್ಲ.

ಆಚಾರಿಗೆ ನಾನು ಕೇಳಿದ್ದು, ಪೂರ್ತಿ ಹೊಸದಾಗಿ ಹದ ಹಾಕಿಕೊಡಿ ಅಂತ. ಆಗಲ್ಲ ಅಂದ್ರು. 2 ಎಂಎಂ ತಗಡು ಕುಲುಮೆಗೆ ಹಾಕಿ ಅದ್ದಿದ್ರೆ ಹಪ್ಪಳದ ತರ ಸೊಟ್ಟ ಆಗುತ್ತೆ, ಮತ್ತೆ ಇದು ಯಾವ ಉಕ್ಕು ಅಂತ ಅವರಿಗೆ ಗೊತ್ತಿಲ್ಲ, ಲಾರಿ ಪಾಟಾ (ಲಾರಿಯ ಸ್ಪ್ರಿಂಗ್ ಪಟ್ಟಿ) ಆದ್ರೆ ಕೈ ಅಳತೆ ಗೊತ್ತು, ಇದರದ್ದು ಗೊತ್ತಿಲ್ಲ. ಒಳಗಿನ ಉಕ್ಕು ಚೆನ್ನಾಗೇ ಇದೆ, ತುಟಿ ಮಾತ್ರ ಹೋಗಿರೋದು, ತುಟಿ ತೆಗೆದುಬಿಡು, ಇನ್ನು ಇದಕ್ಕೆ ಬೆಂಕಿ ತೋರಿಸಬೇಡ ಅಂದ್ರು. ದುಡ್ಡೂ ತಗೊಳ್ಲಿಲ್ಲ.

ಇಲ್ಲಿ ಒಂದು ವಿಷಯ ನನ್ನ ಕಡೆಗಿತ್ತು. ಆಚಾರಿ ತಟ್ಟಿದ ಕತ್ತಿ ಬೆನ್ನಿಂದ ಬಾಯಿಗೆ ತೆಳ್ಳಗಾಗ್ತಾ ಬಂದಿರುತ್ತೆ, ಅದರ ಬಾಯಿ 3 ಎಂಎಂ ತಿಂದುಹಾಕಿದ್ರೆ ದಪ್ಪ ಜಾಗಕ್ಕೆ ಬಂದು ನಿಲ್ಲುತ್ತೆ, ಮತ್ತೆ ತಟ್ಟಿಸ್ಲೇಬೇಕು. ಈ ಫ್ಯಾಕ್ಟರಿ ಮಚ್ಚು ತಗಡಿಂದ ಕತ್ತರಿಸಿದ್ದು, ಎಲ್ಲಾ ಕಡೆ 2 ಎಂಎಂ, ಎಷ್ಟು ಒಳಗೆ ಹೋದ್ರೂ ದಪ್ಪ ಅಷ್ಟೇ. ಅಗಲ ಸ್ವಲ್ಪ ಕಮ್ಮಿ ಆಗುತ್ತೆ ಅನ್ನೋದು ಬಿಟ್ರೆ ನಷ್ಟ ಇಲ್ಲ.

ಕೆಲಸ ಶುರು ಮಾಡೋಕೆ ಮುಂಚೆ ಚೂರು ಹಾರಿದ ಜಾಗದಲ್ಲಿ ಬಿರುಕು ಇದೆಯಾ ಅಂತ ನೋಡ್ಬೇಕಿತ್ತು. ಬರಿಗಣ್ಣಿಗೆ ಕಾಣಲ್ಲ. ರೈಲ್ವೆ ವರ್ಕ್‌ಶಾಪ್‌ಗಳಲ್ಲಿ ಹಿಂದೆ ಮಾಡ್ತಿದ್ದ ಒಂದು ಉಪಾಯ ಇದೆ, ಎಣ್ಣೆ ಹಚ್ಚಿ ಬಿಳಿ ಪುಡಿ ಬಳಿಯೋದು. ನಾನು ಸೀಮೆಎಣ್ಣೆ ಹಚ್ಚಿ ಕಾಲು ಗಂಟೆ ಬಿಟ್ಟೆ, ಬಟ್ಟೇಲಿ ಪೂರ್ತಿ ಒರೆಸಿದೆ, ಮೇಲೆ ಸೀಮೆಸುಣ್ಣ ಉಜ್ಜಿದೆ. ಹತ್ತು ನಿಮಿಷಕ್ಕೆ ಬಿಳಿ ಮೇಲೆ ಕೂದಲೆಳೆ ತರ ಎರಡು ಕಪ್ಪು ಗೆರೆ ಮೂಡಿದ್ವು, ಬಿರುಕೊಳಗೆ ಇಳಿದಿದ್ದ ಎಣ್ಣೆ ಸುಣ್ಣಕ್ಕೆ ಹೀರಿಕೊಂಡು ಬಂದಿದ್ದು ಅದು. ಒಂದೊಂದೂ 2 ಎಂಎಂ ಉದ್ದ ಇರ್ಬಹುದು. ಅದನ್ನ ನೋಡಿದ್ಮೇಲೆ ಒಂದು ತೀರ್ಮಾನ ಆಯ್ತು, ಬರೀ ಚೂರು ಹಾರಿದ್ದಾಗಿದ್ರೆ ಹಂಗೇ ಬಿಟ್ಟು ಮಸೀತಾ ಮಸೀತಾ ಅದು ತಾನಾಗೇ ಹೋಗ್ಲಿ ಅನ್ನಬಹುದಿತ್ತು, ಬಿರುಕನ್ನ ಬಿಡೋ ಹಂಗಿಲ್ಲ, ಪ್ರತಿ ಏಟಿಗೂ ಅದು ಒಳಗೆ ಹೋಗ್ತಾ ಇರುತ್ತೆ, ಒಂದು ದಿನ ದೊಡ್ಡ ತುಂಡೇ ಹಾರುತ್ತೆ.

ಸಾಮಾನು ಅಂದ್ರೆ 10 ಇಂಚಿನ ಎರಡು ಅರ, ಒಂದು ಒರಟು, ಒಂದು ನಯ. ಅಂಗಡೀಲಿ ಕೇಳುವಾಗ ಹಲ್ಲು ಒಂದೇ ಕಡೆ ಓರೆಯಾಗಿರೋದು ಕೇಳಿ, ಮಿಲ್ ಫೈಲ್ ಅಂತಾರೆ, ಅಡ್ಡಡ್ಡ ಎರಡು ಸಾಲು ಹಲ್ಲಿರೋದು ಬೇಗ ತಿನ್ನುತ್ತೆ ಆದ್ರೆ ಬಾಯಿ ಗರಗಸದ ತರ ಆಗುತ್ತೆ. ಅರಕ್ಕೆ ಮರದ ಹಿಡಿ ಹಾಕಿಸ್ಲೇಬೇಕು, ಬರೀ ಬಾಲ ಹಿಡಿದು ಒತ್ತಿದ್ರೆ ಜಾರಿದಾಗ ಅಂಗೈಗೆ ಚುಚ್ಚುತ್ತೆ. ಮಚ್ಚನ್ನ ಎರಡು ಅಡಿಕೆ ದಬ್ಬೆ ನಡುವೆ ಇಟ್ಟು ವೈಸಿಗೆ ಬಿಗಿದೆ. ಥಿನ್ನರ್ ಹಚ್ಚಿ ಬಾಯಿಯಿಂದ ಎರಡು ಬೆರಳಗಲ ವಾರ್ನಿಷ್ ತೆಗೆದೆ, ಇಲ್ಲ ಅಂದ್ರೆ ಅರದ ಹಲ್ಲೊಳಗೆ ಅಂಟಿ ಕೂತುಬಿಡುತ್ತೆ.

ಮೊದಲ ಸಂಜೆ ಬಾಯಿ ಮಾಡೋ ಕೆಲಸಾನೇ ಅಲ್ಲ, ಇದ್ದ ಬಾಯನ್ನ ಕೊಲ್ಲೋ ಕೆಲಸ. ಅರವನ್ನ ಬಾಯಿ ಮೇಲೆ ನೇರ ಮಲಗಿಸಿ, ಕೋನ ಇಲ್ದೇ, ತುಟಿ ಪೂರ್ತಿ ಚಪ್ಪಟೆ ಮಾಡ್ತಾ ಹೋಗೋದು. ಕಷ್ಟಪಟ್ಟು ಬಂದ ಹರಿತ ಹೋಗೋದು ನೋಡೋಕೆ ಸಂಕಟ ಆಗುತ್ತೆ, ಆದ್ರೆ ಆ ಹರಿತ ಸುಳ್ಳು ಹರಿತ. ಅರ ಮುಂದಕ್ಕೆ ಒತ್ತೋವಾಗ ಮಾತ್ರ ಕೆಲಸ, ವಾಪಸ್ ತರೋವಾಗ ಎತ್ತಿ ತರ್ಬೇಕು, ಒತ್ತಿ ಹಿಂದಕ್ಕೆ ಎಳೆದ್ರೆ ಅರದ ಹಲ್ಲು ಸಾಯುತ್ತೆ. ಹಲ್ಲೊಳಗೆ ಕಬ್ಬಿಣದ ಚೂರು ಸಿಕ್ಕಿಕೊಂಡ್ರೆ ಅದು ಆಳವಾದ ಗೀರು ಹಾಕುತ್ತೆ, ಅದಕ್ಕೆ ಮೊದಲೇ ಅರಕ್ಕೆ ಸೀಮೆಸುಣ್ಣ ಉಜ್ಜಿಕೊಂಡೆ, ಮೂವತ್ತು ನಲವತ್ತು ಸಲ ಎಳೆದ್ಮೇಲೆ ತಂತಿ ಬ್ರಷಲ್ಲಿ ಕೊಡವಿದೆ.

ಮಧ್ಯ ಭಾಗ ಬೇಗ ಹೋಯ್ತು, ಮೆತ್ತಗಿತ್ತಲ್ಲ. 2 ಎಂಎಂ ದಾಟಿದ್ಮೇಲೆ ಅರದ ಸದ್ದು ಬದಲಾಯ್ತು, ಖರ್ ಖರ್ ಅನ್ನೋದು ನಿಂತು ಹಿಡಿ ಹತ್ರ ಬರ್ತಿದ್ದ ಅದೇ ಸದ್ದು ಬಂತು. ಅದನ್ನ ಕೇಳಿದಾಗ ಆದ ಸಮಾಧಾನ ಹೇಳೋಕಾಗಲ್ಲ, ಒಳ್ಳೆ ಉಕ್ಕು ಸಿಕ್ತು ಅಂತ ಕೈಗೇ ಗೊತ್ತಾಗುತ್ತೆ. ಆದ್ರೂ ಇನ್ನೊಂದು ಎಂಎಂ ಹೋದೆ.

ತುದಿ ಮಾತ್ರ ಸತಾಯಿಸ್ತು. ಅಲ್ಲಿ ಅರ ಹಾಕಿದ್ರೆ ಅರಾನೇ ಸವೆಯೋದು. ಅದಕ್ಕೆ ಕಾರ್ಬೊರಂಡಂ ಕಲ್ಲು ತಗೊಂಡು, ಒರಟು ಮುಖಕ್ಕೆ ನೀರು ಹಾಕ್ತಾ, ಕೈಯಲ್ಲೇ ಉಜ್ಜಿದೆ. ಸುಮಾರು ಮುಕ್ಕಾಲು ಗಂಟೆ ಎರಡೂವರೆ ಇಂಚು ಜಾಗಕ್ಕೆ. ಆ ಗಾಜಿನ ಪದರ ತುಂಬಾ ತೆಳು, ಒಂದು ಎಂಎಂ ಆಸುಪಾಸು ಇತ್ತು ಅನ್ಸುತ್ತೆ, ಅದು ಹೋದ್ಮೇಲೆ ಅರ ಕಚ್ಚೋಕೆ ಶುರು ಮಾಡ್ತು, ಅದರ ಕೆಳಗೆ ಮತ್ತೆ ಮೆತ್ತನೆ ಪದರ, ಅದರ ಕೆಳಗೆ ಒಳ್ಳೇದು. ಮೇಲಿಂದ ಕೆಳಗೆ ಬಿಸಿ ಹೆಂಗೆ ಇಳಿದಿದೆ ಅನ್ನೋದು ಒಂದೊಂದೇ ಪದರವಾಗಿ ಅರಕ್ಕೆ ಸಿಕ್ತಾ ಹೋಯ್ತು. ಮತ್ತೆ ಸೀಮೆಎಣ್ಣೆ ಸೀಮೆಸುಣ್ಣ ಹಾಕಿ ನೋಡ್ದೆ, ಒಂದು ಗೆರೆ ಹೋಗಿತ್ತು, ಇನ್ನೊಂದು ಸಾಸಿವೆಯಷ್ಟು ಉಳಿದಿತ್ತು, ಇನ್ನೂ ಅರ್ಧ ಎಂಎಂ ತೆಗೆದ್ಮೇಲೆ ಅದೂ ಹೋಯ್ತು. ಅರ್ಧಚಂದ್ರದ ತಳ ಮಾತ್ರ ಸಣ್ಣ ತಗ್ಗಾಗಿ ಉಳೀತು. ಅದನ್ನೂ ತೆಗೀಬೇಕು ಅಂದ್ರೆ ಇಡೀ ಬಾಯಿ ಮತ್ತೆ ಇಳಿಸ್ಬೇಕು, ತಗ್ಗಿಗೆ ಮಾತ್ರ ಅರ ಹಾಕಿದ್ರೆ ಬಾಯಿ ಅಲೆ ಅಲೆ ಆಗುತ್ತೆ. ಬಿರುಕಿಲ್ಲ ಅಂದ್ಮೇಲೆ ಬಿಟ್ಟೆ.

ಎರಡನೇ ಸಂಜೆ ಕೋನ. ಇದನ್ನ ಎಷ್ಟು ಇಡೋದು ಅನ್ನೋದು ಕೆಲಸದ ಮೇಲೆ. ಒಂದೊಂದು ಕಡೆ 15 ಡಿಗ್ರಿ ಇಟ್ರೆ ಹುಲ್ಲು, ಕಮ್ಯೂನಿಸ್ಟ್ ಗಿಡ ಅನ್ನೋ ಕಳೆ ಇವೆಲ್ಲ ಗಾಳಿ ಕಡಿದಂಗೆ ಹೋಗ್ತವೆ ಆದ್ರೆ ಗಟ್ಟಿ ಕಡ್ಡಿಗೆ ಬಾಯಿ ನಿಲ್ಲಲ್ಲ, 25 ಇಟ್ರೆ ಗಟ್ಟಿಯಾಗಿ ನಿಲ್ಲುತ್ತೆ ಆದ್ರೆ ಹಸಿ ಕಡ್ಡಿ ಜಾರುತ್ತೆ. ನಾನು 20 ಇಟ್ಟೆ. ಕಣ್ಣಳತೇಲಿ ಹೆಂಗೆ ಹಿಡಿಯೋದು ಅಂದ್ರೆ ಅರವನ್ನ ಅಲಗಿಗೆ ನೇರ ನಿಲ್ಲಿಸಿ, ಅದರ ಅರ್ಧಕ್ಕೆ ವಾಲಿಸಿದ್ರೆ 45, ಇನ್ನೊಂದು ಅರ್ಧಕ್ಕೆ ವಾಲಿಸಿದ್ರೆ 22ರ ಹತ್ರ, ಅಲ್ಲಿಂದ ಒಂದು ಚೂರು ಕೆಳಗೆ. ಇನ್ನೊಂದು ಲೆಕ್ಕ ಇದೆ, 2 ಎಂಎಂ ದಪ್ಪದ ಅಲಗಿಗೆ 20 ಡಿಗ್ರಿ ಬಂದಾಗ ಒಂದೊಂದು ಕಡೆ ಇಳಿಜಾರಿನ ಅಗಲ ಸುಮಾರು 3 ಎಂಎಂ ಬರುತ್ತೆ, ಅದಕ್ಕಿಂತ ಕಿರಿದಾದ್ರೆ ಕೋನ ಜಾಸ್ತಿ ಆಗಿದೆ ಅಂತ ಅರ್ಥ. ಮಾರ್ಕರ್ ಪೆನ್ನಲ್ಲಿ ಬಾಯಿಗೆ ಕಪ್ಪು ಬಳಿದು ಎರಡು ಸಲ ಅರ ಎಳೆದು ನೋಡಿದ್ರೆ ಎಲ್ಲಿ ತಿಂದಿದೆ ಎಲ್ಲಿ ಬಿಟ್ಟಿದೆ ಗೊತ್ತಾಗುತ್ತೆ, ಇದನ್ನ ಹೊಸಬರು ಬಿಡಲೇಬಾರ್ದು.

ಒಂದು ಕಡೆ ಪೂರ್ತಿ ಎಳೀತಾ ಹೋಗಿ, ಆಚೆ ಕಡೆ ಬೆರಳಲ್ಲಿ ಬೆನ್ನಿಂದ ಬಾಯಿ ಕಡೆಗೆ ಸವರಿದ್ರೆ ತಂತಿ ತರ ಒಂದು ಸಣ್ಣ ಅಂಚು ಸಿಗ್ಬೇಕು, ಅದಕ್ಕೆ ಬರ್ ಅಂತಾರೆ. ಅದು ಉದ್ದಕ್ಕೂ ಸಿಗೋವರೆಗೂ ತಿರುಗಿಸಬಾರ್ದು. ಸಿಕ್ತು ಅಂದ್ರೆ ಆ ಕಡೆ ಕೆಲಸ ಬಾಯಿವರೆಗೂ ಮುಟ್ಟಿದೆ ಅಂತ. ಆಮೇಲೆ ಇನ್ನೊಂದು ಕಡೆ. ಕೊನೇಗೆ ನಯದ ಅರದಲ್ಲಿ ಹಗುರವಾಗಿ, ಒಂದ್ಸಲ ಈ ಕಡೆ ಒಂದ್ಸಲ ಆ ಕಡೆ, ಮತ್ತೆ ಇಳಿಜಾರಿನ ಮೇಲಿನ ಮೂಲೆನೂ ಸವರಿ ಮೀನಿನ ಹೊಟ್ಟೆ ತರ ಉಬ್ಬು ಕೊಟ್ಟೆ. ಚೂಪಾದ ಮೂಲೆ ಇದ್ರೆ ಹಸಿ ಮರದಲ್ಲಿ ಮಚ್ಚು ಕಚ್ಚಿಕೊಂಡು ಬಿಡುತ್ತೆ, ಉಬ್ಬಿದ್ರೆ ಸೀಳಿಕೊಂಡು ಆಚೆ ಬರುತ್ತೆ, ಆಚಾರಿ ಕತ್ತಿಗಳಲ್ಲಿ ಇದು ತಾನಾಗೇ ಇರುತ್ತೆ.

ಮೂರನೇ ಸಂಜೆ ಅಪ್ಪನ ಮಸೆಯೋ ಮರ ಅಟ್ಟದಿಂದ ಇಳಿಸ್ದೆ. ಮಲೆನಾಡು, ಕರಾವಳಿ ಕಡೆಯವರಿಗೆ ಗೊತ್ತಿರುತ್ತೆ, ಮೆತ್ತನೆ ಮರದ ಉದ್ದ ತುಂಡು, ಅದರ ಮೇಲೆ ಬೆಣಚುಕಲ್ಲನ್ನ ಕುಟ್ಟಿ ಜರಡಿ ಹಿಡಿದ ಪುಡಿ ಉದುರಿಸಿ ಕತ್ತಿ ಮಸೆಯೋದು. ಬೆಣಚು ಅಂದ್ರೆ ಸ್ಫಟಿಕ ಜಾತಿ, ಈ ಹದದ ಉಕ್ಕನ್ನ ಸಲೀಸಾಗಿ ತಿನ್ನುತ್ತೆ, ಪುಡಿ ಮರದೊಳಗೆ ಕೂತ್ಕೊಂಡು ಉಜ್ಜಿದಷ್ಟೂ ನುಣ್ಣಗಾಗುತ್ತೆ, ಮರ ಸ್ವಲ್ಪ ತಗ್ಗೋದ್ರಿಂದ ಆ ಮೀನಿನ ಹೊಟ್ಟೆ ಆಕಾರನೂ ಕೆಡಲ್ಲ. ಅಂಗಡೀಲಿ ಸಿಗೋ ಯಾವ ಕಲ್ಲಿಗಿಂತ್ಲೂ ಮಚ್ಚಿಗೆ ಇದೇ ಮೇಲು ಅಂತ ನನ್ನ ಅಭಿಪ್ರಾಯ. ನಮ್ಮ ಕೇರೀಲಿ ಈಗ ಎರಡು ಮನೇಲಿ ಮಾತ್ರ ಉಳಿದಿದೆ. ಅಪ್ಪ ಮಸೆದು ಮಸೆದು ಮಧ್ಯ ದೋಣಿ ತರ ತಗ್ಗಾಗಿರೋ ಮರ ಅದು, ಅದರ ಮೇಲೆ ಮಸೀವಾಗ ಕೈ ತಾನಾಗೇ ಅವರ ಅಳತೆಗೆ ಹೋಗುತ್ತೆ.

ಹಿಡಿದೂ ಒಂದು ತೊಂದ್ರೆ ಇತ್ತು, ಮೂರು ರಿವೆಟ್‌ನಲ್ಲಿ ಒಂದು ಸಡಿಲ, ಬೀಸಿದಾಗ ಸಣ್ಣಗೆ ಅಲ್ಲಾಡಿ ಅಂಗೈಗೆ ಬೊಬ್ಬೆ ಬರ್ತಿತ್ತು. ಕೆಳಗೆ ಕಬ್ಬಿಣದ ತುಂಡು ಕೊಟ್ಟು ಗುಂಡು ತಲೆ ಸುತ್ತಿಗೇಲಿ ಸುತ್ತಲೂ ಮೆಲ್ಲಗೆ ತಟ್ಟಿದ್ರೆ ರಿವೆಟ್ ತಲೆ ಹರಡಿ ಬಿಗಿಯಾಯ್ತು. ಮರದ ಏಣುಗಳನ್ನ ಉಪ್ಪುಕಾಗದದಲ್ಲಿ ತಿಕ್ಕಿ ಅಗಸೆ ಎಣ್ಣೆ ಕುಡಿಸಿದೆ. ಅಷ್ಟೇ.

ಪರೀಕ್ಷೆ ಕಾಗದ ಕೊಯ್ದು ನೋಡಿದ್ರೆ ಪ್ರಯೋಜನ ಇಲ್ಲ, ಗ್ರೈಂಡರ್ ಬಾಯಿನೂ ಕಾಗದ ಕೊಯ್ದಿತ್ತು. ಮೊದಲು ಲಂಟಾನ, ಒಂದೇ ಏಟಿಗೆ ಓರೆಯಾಗಿ ಹೋಯ್ತು, ಕಡಿದ ಮುಖ ನುಣ್ಣಗೆ. ಆಮೇಲೆ ಹಾಲುವಾಣದ ಕೊಂಬೆ, ಅದು ಮೆತ್ತಗೆ, ಏನೂ ಲೆಕ್ಕಕ್ಕಿಲ್ಲ. ಆಮೇಲೆ ಒಣ ಬಿದಿರು, ಅದು ನಿಜವಾದ ಪರೀಕ್ಷೆ, ಬಿದಿರಿನ ಸಿಪ್ಪೆ ಎಂಥ ಬಾಯನ್ನೂ ಬೇಗ ಸವೆಸುತ್ತೆ. ಇಪ್ಪತ್ತು ಏಟು ಹಾಕಿ ಟಾರ್ಚಲ್ಲಿ ನೋಡ್ದೆ, ಎಲ್ಲೂ ಮಡಚಿಲ್ಲ, ಎರಡು ಕಡೆ ಮಾತ್ರ ಚುಕ್ಕಿಯಷ್ಟು ಹೊಳಪು. ಸಿಲ್ವರ್ ಓಕ್ ಗಂಟಿಗೆ ಮಾತ್ರ ಇದನ್ನ ಮತ್ತೆ ಹಾಕಿಲ್ಲ, ಹಾಕೋದೂ ಇಲ್ಲ. 2 ಎಂಎಂ ಅಲಗು ಹಸಿದನ್ನ, ತೆಳುವನ್ನ ವೇಗದಲ್ಲಿ ಕಡಿಯೋಕೆ ಇರೋದು, ಗಂಟಿಗೆ ಬೇಕಾದ ತೂಕ ಅದರಲ್ಲಿಲ್ಲ, ಅದಕ್ಕೆ ಲಾರಿ ಪಾಟಾದ ಕತ್ತಿನೇ ಸರಿ. ಮರ ಹತ್ತೋರಿಗೂ ಇದು ಬೇಡ, 18 ಇಂಚು ಉದ್ದ ಕೊಂಬೆಗಳ ನಡುವೆ ತಿರುಗಲ್ಲ, ಸೊಂಟದ ಕೊಕ್ಕೇಲಿ ಕೂರೋದೂ ಇಲ್ಲ.

ಆ ಹಿರಿಯರ ಕೈಗೇ ಮತ್ತೆ ಕೊಟ್ಟೆ, ಮೊದಲು ಬೇಡ ಅಂದ್ರು, ಚೂರು ಹಾರಿದ್ದು ಮರೆತಿರ್ಲಿಲ್ಲ. ಸೀಮೆಸುಣ್ಣದ ಪರೀಕ್ಷೆ ಅವರ ಎದುರೇ ಇನ್ನೊಂದು ಸಲ ಮಾಡಿ ತೋರಿಸ್ದೆ, ಕಪ್ಪು ಗೆರೆ ಬರಲ್ಲ ನೋಡಿ ಅಂತ. ಆಮೇಲೆ ತಗೊಂಡ್ರು. ಜೂನ್ ಮಳೆ ಹಿಡಿಯೋವರೆಗೂ ಬೇಲಿ ಸಾಲು ಪೂರ್ತಿ ಅದರಲ್ಲೇ ಸವರಿದ್ರು, ಬೆಳಿಗ್ಗೆ ಚಾಗೆ ಮುಂಚೆ ನಯದ ಅರದಲ್ಲಿ ಏಳೆಂಟು ಸಲ, ಅಷ್ಟೇ ಸಾಕಾಗ್ತಿತ್ತು. ಮಳೇಲಿ ಈ ಉಕ್ಕು ರಾತ್ರೋರಾತ್ರಿ ಕೆಂಪಾಗುತ್ತೆ, ಹಾಗಾಗಿ ಸಂಜೆ ಒರೆಸಿ ಕೊಬ್ಬರಿ ಎಣ್ಣೆ ಸವರಿ ಇಡೋದನ್ನ ಅವರೇ ರೂಢಿ ಮಾಡ್ಕೊಂಡ್ರು. ಬಾಳೆ ಕಡಿದ ದಿನ ಅಲಗು ಕಪ್ಪಾಗುತ್ತೆ, ಅದು ಸೊನೆಗೆ ಆಗೋ ಬಣ್ಣ, ಅದರಿಂದ ಕೆಡುಕಿಲ್ಲ.

ಆಯುಧ ಪೂಜೆ ದಿನ ಕುಂಕುಮ ಇಡೋವಾಗ ಅಳತೆ ಹಾಕಿ ನೋಡ್ದೆ, ಅಗಲ ತಂದಾಗಿದ್ದಕ್ಕಿಂತ 4 ಎಂಎಂ ಕಮ್ಮಿ. ತುದಿ ಹತ್ರದ ಆ ಅರ್ಧಚಂದ್ರದ ತಗ್ಗು ಮಸೀತಾ ಮಸೀತಾ ಉಗುರಿನ ತುದಿಯಷ್ಟಾಗಿದೆ, ಇನ್ನೊಂದು ಮರಗಸಿ ಹೊತ್ತಿಗೆ ಹೋಗುತ್ತೆ ಅಂತ ಕಾಣುತ್ತೆ.